ಮುಟ್ಟಿ ನೋಡು

ಕುಲ್ದೀಗದಿಂದ ವೆಂಟ್ಸ್‌ಪಿಲ್ಸಿಗೆ ಹೋಗುವ ದಾರಿಯಲ್ಲಿ
ಫೆಬ್ರವರಿ ಅಂದರೆ ಉಪ್ಪು.
ರಾತ್ರಿ ರಸ್ತೆಗೆ ಎರಚಿದ್ದು ಬೆಳಿಗ್ಗೆ
ದಿಮ್ಮಿ ಹೊತ್ತ ಲಾರಿಗಳ ಗಾಲಿಗೆ ಹತ್ತಿ
ಹಿಂದೆ ಬರುವವರ ಗಾಜಿಗೆ ಬಂದು ಕೂರುತ್ತದೆ.

ಸೂರ್ಯ ಎದುರಿಗೇ ಇದ್ದ. ಸ್ಟೇರಿಂಗಿನ ಪಕ್ಕದ ಕಡ್ಡಿ ಎಳೆದೆ.
ವೈಪರುಗಳು ಎದ್ದವು, ನೀರು ಏಳಲಿಲ್ಲ.
ಇದ್ದ ಕೊಳೆಯನ್ನೇ ಆಚೆಯಿಂದ ಈಚೆಗೆ
ಸುಣ್ಣ ಬಳಿಯುವವರ ಹಾಗೆ ಬಳಿದವು.
ಕಿಟಕಿಯಿಂದ ತಲೆ ಹೊರಗೆ ಹಾಕಿಕೊಂಡೇ
ಮೂರು ಮನೆಗಳಿಗೆ ಹೋಗಿ ಇಂಜೆಕ್ಷನ್ ಕೊಟ್ಟೆ.
ನಾಲ್ಕನೆಯ ಮನೆಗೆ ಹೋಗುವ ಮೊದಲು
ವಿಸ್ವಾಲ್ದಿಸನ ಅಂಗಳಕ್ಕೆ ತಿರುಗಿಸಿದೆ.

ಮೂವತ್ತನಾಲ್ಕು ವರ್ಷ ಗರಗಸದ ಮಿಲ್ಲಿನಲ್ಲಿದ್ದವನು.
ಬಾನೆಟ್ ಎತ್ತಿ, "ಮೊದಲು ಕಿವಿಗೊಡಬೇಕು" ಅಂದ.
"ಮೋಟಾರು ಗುಂಯ್ ಅಂದರೆ ರೋಗ ಕೊಳವೆಯಲ್ಲಿ,
ಅನ್ನದಿದ್ದರೆ ಕರೆಂಟಿನಲ್ಲಿ. ಎಳಿ."

ಎಳೆದೆ.
ಬಲಗಾಲಿಯ ಮೇಲೆಲ್ಲೋ, ಬಾಟಲಿಯಲ್ಲಿ ಸಿಕ್ಕ ಜೇನುನೊಣದಂತೆ
ಗುಂಯ್.
"ಇಲ್ಲ" ಅಂದ.
ಮತ್ತೆ ಎಳೆದೆ. ಗುಂಯ್.
"ಇಲ್ಲ. ಸತ್ತಿದೆ."

ಫ್ಯೂಸ್ ಕಿತ್ತು ಆಕಾಶಕ್ಕೆ ಹಿಡಿದ. ಒಳಗಿನ ಎಳೆ ಗಟ್ಟಿಯಿತ್ತು.
"ಹಾಗಾದರೆ ಮೋಟಾರೇ" ಎಂದು
ಲಿಯೆಪಾಯದ ಗುಜರಿಯವನಿಗೆ ಫೋನು ಹಚ್ಚಿದ.
ಏನು? ಏನು? ಎಷ್ಟು?
"ಲೈನೇ ಸರಿಯಿಲ್ಲ" ಎಂದು ಫೋನನ್ನು ಬೈದ.

ಆರು ಹೆಜ್ಜೆ ದೂರ ನಿಂತು ಪಿಸುಗುಟ್ಟಿ
ಊರಿನವರ ಕಿವಿ ನೋಡುವವಳು ನಾನು.
ಇವನು ಒಮ್ಮೆಯೂ ಬಂದವನಲ್ಲ.
ಏಳು ಬೇಸಿಗೆಯಿಂದ ಒಂದೇ ದೂರು ಇವನದು:
ಹೊಲಕ್ಕೆ ವಿಷ ಹೊಡೆದು ಹೊಡೆದು
ಮಿಡತೆಗಳ ಸಂತಾನವನ್ನೇ ತೀರಿಸಿದರು, ಪಾಪಿಗಳು.
ಹೌದು ಹೌದು ಅನ್ನುತ್ತಿದ್ದೆವು ನಾವು,
ನಾನು, ಇವನ ಹೆಂಡತಿ ಮಿರ್ಜಾ,
ಮಿಡತೆಗಳ ಚಿರಿಚಿರಿಯ ನಡುವೆ ಕೂತು.

ಹೇಳಿಬಿಡಬಹುದಿತ್ತು. ಬಾಯಿ ಬರಲಿಲ್ಲ.
"ನೀರು ಹೆಪ್ಪುಗಟ್ಟಿದೆಯೋ ಏನೋ,
ಡಬ್ಬಿ ಮುಟ್ಟಿ ನೋಡು" ಎಂದೆ, ಜೋರಾಗಿ.

ಕೈಚೀಲ ಕಳಚಿ ಗಾಲಿಯ ಸಂದಿಗೆ ತೋಳು ಇಳಿಸಿದ.
ನಾನು ಕಡ್ಡಿ ಎಳೆದೆ.
ಬಾನೆಟ್ಟಿನ ಸೀಳಿನಲ್ಲಿ ಅವನ ಅರ್ಧ ಮುಖ ಕಾಣುತ್ತಿತ್ತು.
ಆ ಅರ್ಧ ಅಲ್ಲಾಡಲಿಲ್ಲ.
"ಇನ್ನೊಮ್ಮೆ."
ಎಳೆದೆ.
"ಇನ್ನೊಮ್ಮೆ."
ಒಮ್ಮೆ ಸಾಕಿತ್ತು. ಐದು ಸಲ ಎಳೆಸಿದ.
ಆಮೇಲೆ, ಡಬ್ಬಿಯ ಮೇಲಿನ ಕೈ ತೆಗೆಯದೆ,
"ಯಾವಾಗಿನಿಂದ?" ಅಂದ.
ಕಾರಿನ ಮಾತೋ ಅಲ್ಲವೋ ಗೊತ್ತಾಗದೆ
"ಸೋಮವಾರದಿಂದ" ಅಂದೆ.

ಮುಂದಿನದು ಬೇಗ ಮುಗಿಯಿತು.
ಕೊಳವೆಯನ್ನು ಬೆರಳಲ್ಲಿ ಹಿಡಿದು ಬುಡದಿಂದ ಮೇಲೆ ಹೋದ,
ಬಾನೆಟ್ಟಿನ ಕೀಲಿನ ಹತ್ತಿರ ಬೆರಳು ಒದ್ದೆಯಾಯಿತು.
ಚೂಪು ಹಲ್ಲಿನ ಗುರುತು, ನಾಲ್ಕು.
ಬೆಚ್ಚನೆಯ ಎಂಜಿನ್ನಿನ ಮೇಲೆ ರಾತ್ರಿ ಮಲಗೆದ್ದ ಮರನಾಯಿ
ಬಾಡಿಗೆ ಕೊಟ್ಟು ಹೋದದ್ದು ಹೀಗೆ.
ನನ್ನ ಚೀಲದಿಂದ ಡ್ರಿಪ್ಪಿನ ನಳಿಗೆ ಗೇಣುದ್ದ ಕತ್ತರಿಸಿ
ಬಿಸಿನೀರಲ್ಲಿ ಅದ್ದಿ, ಹಿಗ್ಗಿಸಿ, ತೊಡಿಸಿದ.
ಎಳೆದೆ. ಎಡದ ತೂತು ಗಾಜಿಗೆ ಸರಿಯಾಗಿ ಹೊಡೆಯಿತು.
ಬಲದ್ದು ಗಾಡಿಯ ನೆತ್ತಿ ದಾಟಿ
ಮಿರ್ಜಾ ಹರವಿದ ಹಾಸಿಗೆಯ ಬಟ್ಟೆಗೆ ನೀಲಿ ಚಿಮ್ಮಿಸಿತು.
ಅವಳ ಬೈಗಳು ಇವನಿಗೆ ಚೆನ್ನಾಗಿಯೇ ಕೇಳಿಸಿತು.

ಸಿರಿಂಜಿನ ಸೂಜಿಯಿಂದ ಆ ತೂತಿನ ಮೂತಿ ತಗ್ಗಿಸುತ್ತ,
ನನ್ನ ಕಡೆ ನೋಡದೆ ಕೇಳಿದ:
"ಗುರುವಾರ ಎಷ್ಟಕ್ಕೆ ಬಾಗಿಲು ತೆಗೀತೀಯ?"
ಹೇಳಿದೆ.
"ಆಂ?"
ವೈಪರು ತಲುಪದ ಮೂಲೆಯಲ್ಲಿ, ಉಪ್ಪಿನ ಮೇಲೆ,
ಬೆರಳಿನಿಂದ ಒಂಬತ್ತು ಬರೆದೆ.

ವೆಂಟ್ಸ್‌ಪಿಲ್ಸ್ ಮುಟ್ಟುವವರೆಗೂ ಅದು ಅಲ್ಲೇ ಇತ್ತು,
ಒಳಗೆ ಕೂತ ನನಗೆ ತಿರುಗುಮುರುಗಾಗಿ.